ಬೆಂಕಿಗೆ ಬಿಟ್ಟ ಜಾಗ

ಗ್ರಿಮ್ಸ್‌ಬಿ, ಮೀನುಕಟ್ಟೆಯ ಹಿಂದಿನ ಬೀದಿ, ಮೂವತ್ತೊಂದನೇ ನಂಬರು.
ಮಂಗಳವಾರ. ಒಲೆ ಇಳಿಸಿದ್ದೇವೆ, ನಾನು ಮತ್ತು ಕ್ಯಾಲಮ್.
ಅವನಿಗೆ ಬೆನ್ನು ಉಳುಕಿದೆ, ನನಗೆ ಹಸಿವು.
ಎನಿಡ್ ಸ್ಟ್ಯಾದರ್ಸ್ ಬಾಗಿಲಲ್ಲೇ ಹೇಳಿಬಿಟ್ಟಳು:
‘ಹಳೆಯದು ನಿಂತಿದ್ದಲ್ಲೇ ಹೊಸದು. ಇದರಲ್ಲೇನು ಲೆಕ್ಕ?’

ಲೆಕ್ಕ ಇದೆ. ಟೇಪು ಎಳೆದೆ.
ಬರ್ನರಿನ ನೆತ್ತಿಯಿಂದ ಮೇಲಿನ ಹಲಗೆಗೆ ಐವತ್ತೆಂಟು ಸೆಂಟಿಮೀಟರ್.
ಈ ಒಲೆಯ ಪುಸ್ತಕ ಕೇಳುವುದು ಎಪ್ಪತ್ತೈದು.
ಮುಕ್ಕಾಲು ಗೇಣು ಸಾಲದು.
ಹಲಗೆಯ ಮೇಲೆ ಚಹಾದ ಡಬ್ಬಿಗಳು, ಒಂದು ಪಿಂಗಾಣಿ ನಾಯಿ,
ಅಂಚಿಗೆ ಅಂಟಿಸಿದ ಲೇಸು ಒಣಗಿ ಒಣಗಿ ಹಪ್ಪಳ.
ಎಡಕ್ಕೆ ಕಿಟಕಿ. ಗಾಳಿ ಬಂದಾಗೆಲ್ಲ ಪರದೆ
ಒಲೆಯ ಕಡೆ ಬಾಗಿ ಗುಟ್ಟು ಹೇಳಲು ನೋಡುತ್ತದೆ.

‘ಮೂವತ್ತು ವರ್ಷ ಏನೂ ಆಗಲಿಲ್ಲ.’
ಎಲ್ಲ ಮನೆಯಲ್ಲೂ ಕೇಳಿದ ಮಾತು.
ಏನೂ ಆಗದ ವರ್ಷಗಳನ್ನು ಜನ
ಚಿಲ್ಲರೆ ಕಾಸಿನಂತೆ ಎಣಿಸಿಟ್ಟಿರುತ್ತಾರೆ.
ನಾನು ಹಲಗೆಯ ತಳಕ್ಕೆ ಟಾರ್ಚು ಬಿಟ್ಟೆ.
ಸೀದ ಬ್ರೆಡ್ಡಿನ ಬಣ್ಣ, ತಟ್ಟೆಯಷ್ಟಗಲ.
ಅವಳೂ ಬಗ್ಗಿ ನೋಡಿದಳು, ಹಾಳು ಕುತ್ತಿಗೆ ಎಂದಳು,
ಮತ್ತೇನೂ ಅನ್ನಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು:
‘ನನಗೆ ಬೆಂಕಿ ಕಲಿಸಬೇಡ, ಮಗು.’
(ನನಗೆ ಐವತ್ತಮೂರು.)
‘ಹೊಗೆಗೂಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು.
ಹ್ಯಾಡಕ್ ಮೀನು ಸಲಾಕೆಗೆ ಸಿಕ್ಕಿಸಿ ಮೇಲೆ ತೂಗುಹಾಕಬೇಕು,
ಕೆಳಗೆ ಮರದ ಪುಡಿ ಹೊಗೆಯಾಡುತ್ತಿರಬೇಕು, ಉರಿಯಕೂಡದು.
ತೀರ ತಗ್ಗಿನಲ್ಲಿ ಕಟ್ಟಿದೆಯೋ, ಬೆಂದು ಕಳಚಿ ಬೂದಿಗೆ ಬಿತ್ತು.
ತೀರ ಎತ್ತರದಲ್ಲೋ, ನಾರಿತು.
ಟೇಪು ಯಾರ ಹತ್ತಿರ ಇತ್ತು? ಇದಿತ್ತು.’
ಮುಂಗೈ ಮಗುಚಿ ತೋರಿಸಿದಳು, ನರಗಳು ಹಗ್ಗ.

ವ್ಯಾನಿನಲ್ಲಿ ನಮ್ಮ ಚಹಾದ ಪುಟ್ಟ ಗ್ಯಾಸ್ ಒಲೆ ಇತ್ತು.
ಹಿತ್ತಲ ಕಲ್ಲಿನ ಮೇಲಿಟ್ಟು ದೊಡ್ಡದಾಗಿ ಹಚ್ಚೆಂದಳು.
ಕಣ್ಣು ಮುಚ್ಚಿ, ಉರಿಯ ಮೇಲೆ ಮುಂಗೈ ಚಾಚಿ,
ನಿಧಾನ ಎತ್ತುತ್ತ ಹೋದಳು,
ಬೇಲಿಯಾಚೆ ಯಾರದೋ ರೇಡಿಯೊ, ಮೇಲೆ ಕಡಲಹಕ್ಕಿಗಳ ಜಗಳ.
ಒಂದು ಕಡೆ ಕೈ ನಿಂತಿತು.
‘ಇಲ್ಲಿ. ಇಲ್ಲಿಂದ ಮೇಲೆ ಮರ ನೆಮ್ಮದಿಯಾಗಿರುತ್ತೆ.’
ಕ್ಯಾಲಮ್ ಮಂಡಿಯೂರಿ ಟೇಪು ಹಿಡಿದ: ಎಪ್ಪತ್ತೊಂದು.
ನಾನು ಏನೂ ಹೇಳಲಿಲ್ಲ.
‘ಮುದಿ ಚರ್ಮ,’ ಅಂದಳು ಎನಿಡ್, ‘ದಪ್ಪ. ನಾಲ್ಕು ಸೇರಿಸಿಕೋ.’

ಹಲಗೆ ನಾನು ಬಿಚ್ಚುವ ಹಾಗಿರಲಿಲ್ಲ.
ಸ್ಟೂಲು ತಂದಳು, ಸ್ಕ್ರೂಡ್ರೈವರ್ ನನ್ನ ಕೈಯಿಂದ ಕಿತ್ತುಕೊಂಡಳು,
ತುಕ್ಕು ಹಿಡಿದ ಕೊನೆಯ ಸ್ಕ್ರೂಗೆ
ಇಡೀ ಬಂದರಿಗೆ ಕೇಳುವಂಥ ಒಂದು ಬೈಗುಳ.
ಹಲಗೆ ಹೋದಲ್ಲಿ ಗೋಡೆಯ ಕಾಗದ ಹೊಸದರಂತೆ,
ಅದರಲ್ಲಿ ಹಸಿರು ಗಿಳಿಗಳು.
‘ಅಯ್ಯೋ, ಗಿಳಿ ಇತ್ತಲ್ಲವೇ,’ ಅಂದಳು.
ಆ ಕಾಗದವೂ ಹೋಗಬೇಕು ಎಂದು ನಾನು ಹೇಳಬೇಕಾಯಿತು.
ಪರದೆಯನ್ನು ಅಡುಗೆಯ ಕತ್ತರಿಯಿಂದಲೇ ಅರ್ಧ ಕತ್ತರಿಸಿದಳು.
ನಾಯಿ ಫ್ರಿಜ್ಜಿನ ಮೇಲೇರಿತು.

ಒಲೆಯ ಬೆನ್ನಿಗೆ ಸರಪಳಿ, ಸರಪಳಿಗೆ ಗೋಡೆಯಲ್ಲಿ ಕೊಕ್ಕೆ:
ಮಗುವೊಂದು ಓವನ್ನಿನ ಬಾಗಿಲ ಮೇಲೆ ಹತ್ತಿ ನಿಂತರೆ
ಒಲೆ ಮುಂದಕ್ಕೆ ಮುಗ್ಗರಿಸದಿರಲೆಂದು.
‘ಈ ಮನೆಯಲ್ಲಿ ಮಗು ಎಲ್ಲಿದೆ?’
ಇಲ್ಲ ಅಂತ ಒಲೆಗೆ ಗೊತ್ತಿಲ್ಲವಲ್ಲ, ಅಂದೆ.
ಅವಳು ಸರಪಳಿಯನ್ನು ಎರಡು ಸಲ ಜಗ್ಗಿ ನೋಡಿದಳು.

ಎರಡೂ ಪಕ್ಕ ಎರಡೆರಡು ಬೆರಳು ಜಾಗ.
ಸೋರಿಕೆ ನೋಡಿದೆವು, ರುಜು ಹಾಕಿಸಿಕೊಂಡೆವು.
ಮೊದಲ ಕೆಟಲ್ ಹಾಡುವಷ್ಟರಲ್ಲಿ ಅವಳ ಕೈಯಿಂದ ಜಾರಿ
ಚಮಚ ಆ ಸಂದಿಗೇ ಬಿತ್ತು, ಟಣ್ಣನೆ.
ಮೂವರೂ ಬಗ್ಗಿ ಕತ್ತಲೆ ನೋಡಿದೆವು.
‘ಇದಕ್ಕೆ,’ ಅಂದಳು, ‘ನಿನ್ನ ಪುಸ್ತಕ ಏನನ್ನುತ್ತೆ?’